ದಾರದ ತುದಿಯಲ್ಲಿ ನಿಂತವನು

ಮಡುವಿನಲ್ಲಿ ಮದ್ದು ಸಿಡಿದಾಗ ನಾನು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ. ಕೈಯಲ್ಲಿ ಗಾಳದ ಕೋಲಿತ್ತು. ಈ ಎರಡು ಮಾತುಗಳನ್ನು ಒಟ್ಟಿಗೆ ಹೇಳಬೇಡ ಎಂದು ನನಗೆ ಬುದ್ಧಿ ಹೇಳದವರು ಕಡಿಮೆ. ಅದಕ್ಕೇ ಅವುಗಳಿಂದ ಶುರು ಮಾಡಿದ್ದೇನೆ.

ನಮ್ಮದು ಕಾರಟಗಿಯಲ್ಲಿ ಭತ್ತದ ದಲಾಲಿ ಅಂಗಡಿ. ನಾನೂ ಅಣ್ಣನೂ ಕೂಡಿ ನಡೆಸುತ್ತೇವೆ. ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ಕೂಡ ದಾಟಿಲ್ಲ. ಅಂಥ ಮನೆಯವನಿಗೆ ಗಾಳದ ಹುಚ್ಚು ಹಿಡಿಸಿದ್ದು ಫೋನಿನಲ್ಲಿ ನೋಡಿದ ಒಂದು ವಿಡಿಯೊ. ಪರದೇಶದ ಸುಣ್ಣಕಲ್ಲಿನ ನೆಲದಲ್ಲಿ ಹುಟ್ಟಿದ ತಿಳಿನೀರಿನ ಹೊಳೆ. ಒಬ್ಬ ಮನುಷ್ಯ ಗರಿಯನ್ನು ನೊಣದ ಹಾಗೆ ಕಟ್ಟಿ ನೀರಿನ ಮೇಲೆ ಮೆಲ್ಲಗೆ ಇಳಿಸುತ್ತಾನೆ. ಟ್ರೌಟ್ ಎನ್ನುವ ಚುಕ್ಕಿಮೈಯ ಮೀನು ಎದ್ದು ಬಂದು ಕಚ್ಚುತ್ತದೆ. ಅವನು ಅದನ್ನು ನೀರಿನಿಂದ ಮೇಲೆತ್ತದೆ ಕೊಕ್ಕೆ ಬಿಡಿಸಿ ಬಿಟ್ಟುಬಿಡುತ್ತಾನೆ. ಅದನ್ನು ನೋಡಿ ನಾನು ಅಂಗಡಿಯ ಗಾದಿಯ ಮೇಲೆ ನೆಟ್ಟಗೆ ಕೂತೆ. ತಿನ್ನದವನೂ ಹಿಡಿಯಬಹುದು ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಕೋಲು ಮತ್ತು ದಪ್ಪನೆಯ ಹಳದಿ ದಾರ ಕೊರಿಯರಿನಲ್ಲಿ ಬಂದವು. ಗರಿಗಾಗಿ ಕೋಳಿ ಅಂಗಡಿಗೆ ಹೋದೆ. ಹುಂಜದ ಕುತ್ತಿಗೆಯ ಗರಿ ಮಾತ್ರ ಸಾಕು ಎಂದಾಗ ಅಂಗಡಿಯವ ಕತ್ತಿ ಕೆಳಗಿಟ್ಟ.

"ಕೋಳಿ ಬ್ಯಾಡೇನ್ರಿ?"

"ಬ್ಯಾಡ."

"ಭಾನಾಮತಿ ಏನರ ಮಾಡಾವ್ರೇನ್ರಿ ಸಾವ್ಕಾರ್ರ? ಇದ್ರ ಮೊದ್ಲ ಹೇಳಿಬಿಡ್ರಿ. ನಮ್ಮ ಮನಿ ಕಡಿ ಮಾತ್ರ ಬ್ಯಾಡ."

ಗಂಗಾವತಿಯ ಆಚೆ, ಹೊಳೆ ದೊಡ್ಡ ಬಂಡೆಗಳ ನಡುವೆ ಹಾಯುವಲ್ಲಿ ಒಂದು ಮಡುವಿದೆ. ಮಳೆಗಾಲದ ಕೆಂಪು ನೀರು ಇಳಿದ ಮೇಲೆ ಅಲ್ಲಿ ತಳದ ಕಲ್ಲು ಕಾಣುತ್ತದೆ. ಬೆನ್ನ ಮೇಲೆ ನೀಲಿ ಪಟ್ಟೆಗಳಿರುವ, ಗೇಣುದ್ದದ ಬೆಳ್ಳಿ ಮೀನುಗಳು ಹುಳಕ್ಕಾಗಿ ನೆಗೆಯುತ್ತವೆ. ಯಾರೂ ತಂದು ಬಿಟ್ಟವಲ್ಲ, ಹೊಳೆಯವೇ. ಪ್ರತಿ ರವಿವಾರ ನಾನು ಅವುಗಳ ಜೊತೆ ಆಡಿದೆ. ಹಿಡಿದೆ, ಬಿಟ್ಟೆ.

ಅಲ್ಲಿ ಹರಿಗೋಲಿನಲ್ಲಿ ಬಲೆ ಹಾಕುವ ಅಂಬಿಗನೊಬ್ಬನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ.

"ತಿನ್ನೋದಾದ್ರ ಹಿಡೀರಿ," ಎಂದಿದ್ದ. "ಇಲ್ಲಾಂದ್ರ ದಂಡಿಗೆ ಕುಂತು ಭಜನಿ ಮಾಡ್ರಿ. ಹಿಡದು ಬಿಡೋದಂದ್ರ ಮೀನಿಗೆ ಚ್ಯಾಷ್ಟಿ ಮಾಡಿದಂಗ."

ಅಂದು ಬೆಳಿಗ್ಗೆ ನಾನು ಒಂದು ಬಂಡೆಯ ನೆರಳಿನಲ್ಲಿ ನಿಂತು ಮತ್ತೊಮ್ಮೆ ದಾರ ಬೀಸಿದೆ. ಗರಿ ಎದುರಿನ ಓರೆಬಂಡೆಯ ಬುಡದಲ್ಲಿ ಇಳಿಯಿತು. ಆಗ ಮೋಟಾರ್‌ಸೈಕಲ್ ಸದ್ದು ಕೇಳಿತು. ಇಬ್ಬರು ಇಳಿದರು. ಒಬ್ಬ ಗಾಡಿಯ ಹತ್ತಿರವೇ ಉಳಿದ. ಇನ್ನೊಬ್ಬ ಅದೇ ಓರೆಬಂಡೆ ಹತ್ತಿದ. ತಂದೆಯ ಜೊತೆ ನಮ್ಮ ಅಂಗಡಿಗೆ ಬರುತ್ತಿದ್ದ ಹುಡುಗ, ಮುಖ ಗುರುತಿತ್ತು. ಅವನು ನನ್ನನ್ನು ನೋಡಲಿಲ್ಲ. ಬಂಡೆಯ ಮರೆಯಲ್ಲಿ ಬಲೆ ಎತ್ತುತ್ತಿದ್ದ ಅಂಬಿಗನನ್ನು ನೋಡಿದನೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ. ಅವನು ಕಲ್ಲು ಕ್ವಾರಿಯಲ್ಲಿ ಬಳಸುವ ಜಿಲೆಟಿನ್ ಕಡ್ಡಿಯ ಬತ್ತಿಗೆ ಬೀಡಿಯಿಂದ ಬೆಂಕಿ ಮುಟ್ಟಿಸಿ ಎಡಗೈಯಿಂದ ಎಸೆದ. ಇದನ್ನು ನೋಡಿದೆ. ಕೂಗಿದೆ. ಕೂಗು ಮುಗಿಯುವ ಮೊದಲೇ ನೀರು ಎದ್ದಿತು.

ಕಡ್ಡಿ ಆಳಕ್ಕೆ ಬೀಳದೆ ಅಂಚಿನ ಕಲ್ಲುಗಳ ನಡುವೆ ಬಿದ್ದಿತ್ತು. ಸಿಡಿದ ಕಲ್ಲಿನ ಚೂರು ಅಂಬಿಗನ ಬಲ ಅಂಗೈಯನ್ನು ಸೀಳಿತು. ಹರಿಗೋಲು ಮಗುಚಿತು. ನಾನು ಅವನನ್ನು ದಂಡೆಗೆ ಎಳೆಯುವ ಹೊತ್ತಿಗೆ ನಮ್ಮಿಬ್ಬರ ಸುತ್ತ ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಬೆರಳಷ್ಟು ಮರಿಗಳೂ ಇದ್ದವು. ಬಂಡೆಯ ಮೇಲೆ ಯಾರೂ ಇರಲಿಲ್ಲ.

ಸಂಜೆಯೊಳಗೆ ಸುದ್ದಿ ತಿರುಗಿತ್ತು. ಅಂಬಿಗನೇ ಮದ್ದು ತಂದಿದ್ದ, ಎಸೆಯುವಾಗ ಕೈಯಲ್ಲೇ ಸಿಡಿಯಿತು, ಬೇಕಾದರೆ ಅವನ ಕೈ ನೋಡಿ. ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಪೊಲೀಸ್ ಪೇದೆ ಕುರ್ಚಿ ಹಾಕಿ ಕೂತ. ಗುಣವಾದ ಕೂಡಲೇ ಜೈಲಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಹೊರಗೆ ಜಗುಲಿಯ ಮೇಲೆ ಅವನ ಹೆಂಡತಿ ಕೂತಿದ್ದಳು.

"ನೀವು ಅಲ್ಲೇ ಇದ್ರಿ ಅಂತಾರ. ಖರೇನೇನ್ರಿ ಯಪ್ಪಾ?"

"ಖರೇ."

"ಹಂಗಾರ ಹೇಳ್ರಿ," ಎಂದಳು. ಅತ್ತಿರಲಿಲ್ಲ. ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

ಎಸೆದವನ ತಂದೆ ನಮ್ಮ ಅಂಗಡಿಗೆ ಭತ್ತ ಹಾಕುವ ದೊಡ್ಡ ರೈತ. ಮರುದಿನ ಬಂದು ಅಣ್ಣನ ಎದುರು ಚಹಾ ಕುಡಿಯುತ್ತ ಕೂತ. ಮಾತು ಅಣ್ಣನಿಗೆ, ಕಣ್ಣು ನನ್ನ ಮೇಲೆ.

"ನಿಮ್ಮ ತಮ್ಮಾರು ಹೊಳಿಗೆ ಹೋಗಿದ್ರಂತಲ್ರಿ. ಜಳಕಕ್ಕೇನ್ರಿ? ಮೀನು ಹಿಡಿಯಾಕಂತೂ ಹೋಗಿರಲಿಕ್ಕಿಲ್ಲ ಬಿಡ್ರಿ. ನಿಮ್ಮಂಥಾ ಮನಿಯವ್ರು."

ಅವನು ಹೋದ ಮೇಲೆ ಅಣ್ಣ ಲೋಟ ಬದಿಗಿಟ್ಟ.

"ತಮ್ಮಾ, ನೀ ಅಲ್ಲಿ ಇರ್ಲಿಲ್ಲ ಅಂದ್ಬಿಡು. ಮುಗೀತು."

"ಇದ್ದೆ."

"ಗಾಳ ಹಿಡ್ಕೊಂಡು ಇದ್ದೆ ಅಂತ ಊರಿಗೆಲ್ಲಾ ಸಾರ್ತೀಯೇನು? ಮಗಳ ಮದಿವಿ ಮಾಡೂದೈತಿ ನನಗ."

ಅಣ್ಣ ಕೆಟ್ಟವನಲ್ಲ. ಅವನ ಭಯ ಸುಳ್ಳೂ ಅಲ್ಲ. ಆದರೆ ಆ ದೊಡ್ಡ ರೈತ ನಮ್ಮ ಮಡಿಯನ್ನೇ ತನ್ನ ಮಗನಿಗೆ ಮರೆಯಾಗಿ ನಿಲ್ಲಿಸಿದ್ದ. ನಾನು ಕೋಲು ತೆಗೆದುಕೊಂಡು ಠಾಣೆಗೆ ಹೊರಟೆ. ಅಣ್ಣ ಹಿಂದೆ ಬಂದ.

ಸಾಹೇಬರು ಪೂರ್ತಿ ಕೇಳಿಸಿಕೊಂಡರು. "ಎಷ್ಟು ಮೀನು ಹಿಡಿದಿದ್ರಿ?"

"ಮೂರು. ಬಿಟ್ಟೆ."

ಮೂಲೆಯಲ್ಲಿದ್ದ ಪೇದೆ ನಕ್ಕುಬಿಟ್ಟ. ಸಾಹೇಬರೂ ಪೆನ್ನು ಕೆಳಗಿಟ್ಟರು. "ಮೀನು ತಿನ್ನಂಗಿಲ್ಲ, ಹಿಡದದ್ದನ್ನ ಬಿಟ್ಟೆ ಅಂತೀರಿ. ಬಂಡೆಗಲ್ಲಿನ ಮ್ಯಾಲಿದ್ದವನ ಕೈ ಎಡದ್ದೋ ಬಲದ್ದೋ ಅಂತ ಸೈತ ಹೇಳ್ತೀರಿ. ವಕೀಲರು ನಂಬ್ತಾರೇನ್ರಿ? ಎಷ್ಟು ದೂರ ಇದ್ದ ಅವ?"

"ಗರಿ ಅವನ ಕಾಲಬುಡಕ್ಕ ಇತ್ತು ಸಾಹೇಬ್ರ. ನನ್ನ ದಾರ ಎಷ್ಟು ಉದ್ದ ಹೋಗ್ತೈತಿ, ಅಷ್ಟು ದೂರ."

ಅವರು ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋದರು. ಗೇಟಿನ ಹತ್ತಿರ ಜನ ಕೂಡಿದರು. ಸಂತೆಗೆ ಬಂದ ನಮ್ಮ ಬಳಗದವರೂ ಇದ್ದರು. ನಾನು ಕೋಲು ಜೋಡಿಸಿ, ಅವರೆಲ್ಲರ ಎದುರಿಗೆ ಬೀಸಿದೆ. ಮೊದಲ ಸಲ ದಾರ ಮುದುಡಿ ಬಿತ್ತು.

"ಠಾಣೇದಾಗ ಯಾವ ಮೀನ್ರೀ?" ಎಂದು ಯಾರೋ ಕೇಳಿದರು.

ಎರಡನೆಯ ಸಲ ಹಳದಿ ದಾರ ನೆಟ್ಟಗೆ ಚಾಚಿ ಮಣ್ಣಿನ ಮೇಲೆ ಮಲಗಿತು. ಸಾಹೇಬರು ಪೇದೆಯನ್ನು ಗರಿಯ ಹತ್ತಿರ ನಿಲ್ಲಿಸಿ, ನನಗೆ ಬೆನ್ನು ತಿರುಗಿಸಲು ಹೇಳಿದರು. ನಾನು ತಿರುಗಿ ನೋಡಿದಾಗ ಪೇದೆ ಎಡಗೈಯಲ್ಲಿ ಬೆಂಕಿಪೊಟ್ಟಣ ಹಿಡಿದಿದ್ದ. ಹೇಳಿದೆ. ಅವನ ಅಂಗಿಯ ಮೇಲಿನ ಗುಂಡಿ ಬಿಚ್ಚಿದೆ ಎಂಬುದನ್ನೂ ಹೇಳಿದೆ. ಅವನು ಗುಂಡಿ ಹಾಕಿಕೊಂಡ. ಈ ಸಲ ಯಾರೂ ನಗಲಿಲ್ಲ.

ಒಳಗೆ ಠಾಣೆಯ ರೈಟರ್ ನನ್ನ ಹೇಳಿಕೆ ಬರೆಯಲು ಕೂತ. ಒಳ್ಳೆಯ ಮನುಷ್ಯ, ಅಣ್ಣನ ಮುಖ ನೋಡಿ ದನಿ ಇಳಿಸಿದ. "'ಮುಂಜಾನೆ ಅಡ್ಡಾಡಲು ಹೋಗಿದ್ದಾಗ' ಅಂತ ಹಾಕ್ಲೇನ್ರಿ? ಮನಿತನದ ಮಾತು."

ಅಣ್ಣ ನನ್ನ ತೋಳು ಮುಟ್ಟಿದ. ನಾನು ನಿಧಾನವಾಗಿ ಯೋಚಿಸಿದೆ. ಅಡ್ಡಾಡಲು ಹೋದವನಿಗೆ ಆ ದೂರ ಹೇಗೆ ಗೊತ್ತು? ಮೊದಲ ಸಾಲು ಸುಳ್ಳಾದರೆ ಕೊನೆಯ ಸಾಲನ್ನು ಯಾರು ನಂಬುತ್ತಾರೆ? ಆ ಕೊನೆಯ ಸಾಲಿನಲ್ಲಿ ಒಬ್ಬ ಮನುಷ್ಯ ಜೈಲಿಗೆ ಹೋಗುವುದೂ ಮನೆಗೆ ಹೋಗುವುದೂ ಇತ್ತು.

"ಬ್ಯಾಡ್ರಿ," ಎಂದೆ. "'ಗಾಳ ಹಾಕಿ ಮೀನು ಹಿಡಿಯುತ್ತಿದ್ದಾಗ' ಅಂತ ಬರೀರಿ. ದೊಡ್ಡದಾಗಿ ಬರೀರಿ."

ಬರೆದದ್ದನ್ನು ಓದಿ ಸಹಿ ಮಾಡಿದೆ.

ಪೇದೆಯ ಕುರ್ಚಿ ಆಸ್ಪತ್ರೆಯಿಂದ ಎದ್ದಿತು. ಎಸೆದವನ ಮೇಲೆ ಕೇಸಾಯಿತು, ಅದಿನ್ನೂ ನಡೆಯುತ್ತಿದೆ. ಕೋರ್ಟಿನಲ್ಲಿ ಕೇಳಿದರೂ ನಾನು ಇದನ್ನೇ ಹೇಳುತ್ತೇನೆ. ಆ ಮನೆಯ ಭತ್ತ ಈಗ ಬೇರೆ ಅಂಗಡಿಗೆ ಹೋಗುತ್ತದೆ. ಅಣ್ಣ ನನ್ನ ಜೊತೆ ಮಾತಾಡುತ್ತಾನೆ, ಅಂಗಡಿಯ ಮಾತು ಮಾತ್ರ.

ಮೊನ್ನೆ ತಾವರಗೇರಾದಲ್ಲಿ ಬಳಗದವರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ನನ್ನ ಎರಡೂ ಬದಿಯ ಎಲೆಗಳ ಮುಂದೆ ಯಾರೂ ಕೂತಿರಲಿಲ್ಲ. ನಾನು ಅವಸರ ಮಾಡದೆ ಹೋಳಿಗೆ ಊಟ ಮಾಡಿದೆ. ಎದುರು ಸಾಲಿನಲ್ಲಿ ಕೂತ ಹಿರಿಯರೊಬ್ಬರು ಎಲ್ಲರಿಗೂ ಕೇಳಿಸುವಂತೆ ಕೇಳಿದರು.

"ಹೊಳಿ ಮೀನಿನ ರುಚಿ ಹೆಂಗಿರ್ತೈತ್ರೀ?"

"ನನಗ ಗೊತ್ತಿಲ್ರಿ," ಎಂದೆ. "ಅಂಬಿಗ ಮನಿಗೆ ಬಂದಾನ. ಹೋಗಿ ಅವನ್ನ ಕೇಳ್ರಿ."