ಸ್ಟೇಷನ್ನಿನಲ್ಲಿ ಸಿಕ್ಕಿದ ಇಳಿಜಾರು

ಭಾವನ ಜೀಪಿನ ಸೆಲ್ಫ್ ಕೆಟ್ಟು ಐದು ವರ್ಷವಾಗಿತ್ತು. ಕೀ ತಿರುಗಿಸಿದರೆ ಟಕ್ ಎಂದು ಒಂದು ಸದ್ದು, ಅಷ್ಟೇ. ಕೊಡ್ಲಿಪೇಟೆಯ ಹತ್ತಿರ ಅವರ ಮನೆ, ತೋಟ ಎಲ್ಲವೂ ಇಳಿಜಾರಿನಲ್ಲೇ ಇರುವುದರಿಂದ ಅದೊಂದು ತೊಂದರೆ ಎಂದು ಅವರಿಗೆ ಅನ್ನಿಸಿರಲಿಲ್ಲ. ಜೀಪಿನ ಮೂತಿ ಕೆಳಗೆ ಮಾಡಿ ನಿಲ್ಲಿಸುವುದು, ಮುಂದಿನ ಚಕ್ರಕ್ಕೆ ಕಲ್ಲು ಕೊಡುವುದು. ಹೊರಡುವಾಗ ಕಲ್ಲು ತೆಗೆದು, ಎರಡನೇ ಗೇರಿಗೆ ಹಾಕಿ, ಜೀಪು ಉರುಳುತ್ತಿದ್ದಂತೆ ಕ್ಲಚ್ ಬಿಡುವುದು. ಎಂಜಿನ್ ಎರಡು ಸಲ ಕೆಮ್ಮಿ ಎದ್ದುಬಿಡುತ್ತಿತ್ತು.

"ಸೆಲ್ಫು ಬೇಕಾಗಿರೋದು ಬಯಲುಸೀಮೆಯವರಿಗೆ" ಎನ್ನುತ್ತಿದ್ದರು ಭಾವ.

ಪೇಟೆಯಲ್ಲಿ ಎಲ್ಲೆಲ್ಲಿ ಎಷ್ಟು ಇಳಿಜಾರಿದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಬ್ಯಾಂಕಿನ ಮುಂದೆ ನೆಲ ಸಮ, ಹಾಗಾಗಿ ಬ್ಯಾಂಕಿಗೆ ನಡೆದೇ ಹೋಗುತ್ತಿದ್ದರು. ಹಲ್ಲಿನ ಡಾಕ್ಟರನ್ನು ಆರಿಸಿಕೊಂಡದ್ದೂ ಕ್ಲಿನಿಕ್ಕಿನ ಮುಂದಿನ ರಸ್ತೆ ನೋಡಿಯೇ.

ಅಕ್ಕನಿಗೆ ಇದು ಹಿಡಿಸುತ್ತಿರಲಿಲ್ಲ. ಶನಿವಾರಸಂತೆಯ ಒಂದು ಮದುವೆಯಲ್ಲಿ ಮಂಟಪದ ಅಂಗಳ ಸಮವಾಗಿತ್ತು. ಊಟ ಮುಗಿಸಿ ಬಂದ ನೆಂಟರೆಲ್ಲ ಜೀಪು ತಳ್ಳಿದರು, ಗಂಡಿನ ಕಡೆಯವರೂ ಸೇರಿದರು. ರೇಷ್ಮೆ ಸೀರೆ ಉಟ್ಟ ಅಕ್ಕ ಚಪ್ಪರದ ಕೆಳಗೆ ನಿಂತು ಅದನ್ನು ನೋಡಿದಳು. ಆ ಸಂಜೆ ಮನೆಯಲ್ಲಿ ಅವಳು ಹೇಳಿದ ಮಾತು ಇದು: "ಇನ್ನೊಂದು ಸಲ ಈ ಜೀಪನ್ನ ಯಾರಾದ್ರೂ ತಳ್ಳಿದ್ರೆ ಮಾರೋದೇ." ಭಾವ "ಆಗಲಿ" ಎಂದರು. ಸಾಕ್ಷಿ ನಾನು. ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಹೇಳಿದ್ದನ್ನು ಹೇಳಿದ ಹಾಗೇ ನೆನಪಿಟ್ಟುಕೊಳ್ಳುತ್ತೇನೆ ಎಂದು ಇಬ್ಬರಿಗೂ ನಂಬಿಕೆ.

ಆಮೇಲೆ ಅಕ್ಕ ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿಗೆ ಹೋದಳು. ಮೂರು ತಿಂಗಳು ಅಲ್ಲಿದ್ದಳು. ಅವಳು ಬರುವಷ್ಟರಲ್ಲಿ ಸೆಲ್ಫ್ ಸರಿಮಾಡಿಸುತ್ತೇನೆಂದು ಭಾವ ಫೋನಿನಲ್ಲಿ ಮಾತು ಕೊಟ್ಟಿದ್ದರು. ಮಾಡಿಸಿರಲಿಲ್ಲ.

ನಮ್ಮ ಜಿಲ್ಲೆಗೆ ರೈಲಿಲ್ಲ. ರೈಲಿನಲ್ಲಿ ಬರುವವರನ್ನು ಕರೆತರಲು ಗಡಿ ದಾಟಿ ಬಯಲಿನ ಕಡೆಗೆ ಹೋಗಬೇಕು. ಅಕ್ಕ ಬರುವ ಬೆಳಿಗ್ಗೆ ಭಾವ ಜೀಪು ಹೊರಡಿಸಿಕೊಂಡು ನನ್ನ ಮನೆಯ ಮುಂದೆ ಬಂದರು.

"ಬಸ್ಸಲ್ಲಿ ಹೋಗೋಣ ಭಾವ" ಎಂದೆ.

"ಬಸ್ಸಲ್ಲಿ ಹೋದ್ರೆ ಸೆಲ್ಫ್ ಮಾಡ್ಸಿಲ್ಲ ಅಂತ ಸ್ಟೇಷನ್ನಲ್ಲೇ ಗೊತ್ತಾಗ್ತದೆ. ಹತ್ತು ಮಾರಾಯ. ನೀನೇನೂ ಹೇಳೋಕೆ ಹೋಗ್ಬೇಡ."

"ಕೇಳದಿದ್ದರೆ ಹೇಳಲ್ಲ. ಕೇಳಿದರೆ ಇದ್ದದ್ದು ಹೇಳ್ತೀನಿ."

"ನಿನ್ನನ್ನ ಸಾಕ್ಷಿ ಮಾಡಿದ್ದೇ ನನ್ನ ತಪ್ಪು" ಎಂದರು ಭಾವ.

ಒಂಬತ್ತೂ ಐದಕ್ಕೆ ಸ್ಟೇಷನ್ ತಲುಪಿದೆವು. ರೈಲು ಒಂಬತ್ತೂ ನಲವತ್ತಕ್ಕೆ. ವಾಹನ ನಿಲ್ಲಿಸುವ ಜಾಗವನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿದ್ದರು. ಹೊಸ ಡಾಂಬರು, ಬಿಳಿ ಗೆರೆ, ದರದ ಬೋರ್ಡು. ನೆಲ ಕೇರಂ ಬೋರ್ಡಿನ ಹಾಗೆ ಸಮ. ಭಾವ ಎಂಜಿನ್ ಆಫ್ ಮಾಡದೆ ಎರಡು ಸುತ್ತು ಹಾಕಿದರು. ಮೂರನೆಯ ಸುತ್ತಿನಲ್ಲಿ ಅವರ ಮುಖ ಅರಳಿತು. ಪಾರ್ಸಲ್ ಕಚೇರಿಯ ಪಕ್ಕದಿಂದ ಹೊರದಾರಿಯ ಕಡೆಗೆ ಸಣ್ಣದೊಂದು ಸಿಮೆಂಟಿನ ಇಳಿಜಾರು ಇತ್ತು. ಅಲ್ಲಿ ಒಂದೂ ಗಾಡಿ ಇರಲಿಲ್ಲ. ಯಾಕಿಲ್ಲ ಎಂದು ನಾವಿಬ್ಬರೂ ಯೋಚಿಸಲಿಲ್ಲ. ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಹಿಂದಿನ ಸೀಟಿನ ಅಡಿಯಿಂದ ಕಲ್ಲು ತೆಗೆದು ಚಕ್ರಕ್ಕೆ ಕೊಟ್ಟು, ಕಾಫಿ ಕುಡಿಯಲು ಹೋದೆವು.

ಒಂಬತ್ತೂ ಹದಿನೆಂಟಕ್ಕೆ ಮರಳಿ ಬಂದಾಗ ಹಿಂದಿನ ಚಕ್ರಕ್ಕೆ ಹಳದಿ ಬಣ್ಣದ ಕಬ್ಬಿಣದ ಬೀಗ ಬಿದ್ದಿತ್ತು. ಪಕ್ಕದಲ್ಲಿ ಸೀರೆಯ ಮೇಲೆ ನೀಲಿ ಕೋಟು ತೊಟ್ಟು, ಕೊರಳಿಗೆ ಚೀಟಿ ಮಿಷನ್ ನೇತುಹಾಕಿಕೊಂಡಿದ್ದ ಐವತ್ತರ ಹೆಂಗಸು ನಿಂತಿದ್ದರು. ಪಾರ್ಕಿಂಗ್ ನೋಡಿಕೊಳ್ಳುವವರು.

"ಐನೂರು ದಂಡ ಅಣ್ಣ."

"ನಿಮ್ಮ ಗೆರೆ ಒಳಗೆ ನಾನು ನಿಲ್ಸೇ ಇಲ್ವಲ್ಲಮ್ಮ. ಮತ್ತೆ ದುಡ್ಡು ಯಾಕೆ?"

"ಗೆರೆ ಒಳಗೆ ನಿಲ್ಸಿದ್ರೆ ಮೂವತ್ತು. ನಿಲ್ಸದೆ ಇದ್ರೆ ಐನೂರು."

ನಾನು ಹೋಗಿ ಬೋರ್ಡು ಓದಿ ಬಂದೆ. ಅವರು ಹೇಳಿದಂತೆಯೇ ಇತ್ತು. ಪ್ರಯಾಣಿಕರನ್ನು ಹತ್ತಿಸಿ ಇಳಿಸುವ ಸಾಲಿನಲ್ಲಿ ಚಾಲಕ ಗಾಡಿಯಲ್ಲೇ ಕುಳಿತಿದ್ದರೆ ಹತ್ತು ನಿಮಿಷ ಉಚಿತ ಎಂದೂ ಇತ್ತು. ಭಾವನಿಗೆ ಎರಡನ್ನೂ ಹೇಳಿದೆ. ವಾದ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಐನೂರರ ನೋಟು ತೆಗೆದು ಕೊಟ್ಟೇಬಿಟ್ಟರು.

ಹೆಂಗಸು ರಸೀದಿ ಹರಿದು ಕೊಟ್ಟು ಬೀಗಕ್ಕೆ ಕೈ ಹಾಕಿದರು. "ಬೀಗ ತೆಗೀತೀನಿ, ಗಾಡಿ ಆ ಗೆರೆ ಒಳಗೆ ಹಾಕ್ಬಿಡಿ."

"ಬೇಡಮ್ಮ. ದಂಡ ಕೊಟ್ಟಿದೀನಲ್ಲ, ಇಲ್ಲೇ ಇರ್ಲಿ."

"ದಂಡ ಕೊಟ್ಟು ಇರೋದಲ್ಲ ಅಣ್ಣ, ದಂಡ ಕೊಟ್ಟು ಹೋಗೋದು."

"ಇನ್ನೈನೂರು ಕೊಡ್ತೀನಿ."

ಅವರು ಬೀಗ ಬಿಟ್ಟು ನೆಟ್ಟಗೆ ನಿಂತರು. "ಇಷ್ಟು ದಿನ ಇಲ್ಲಿ ಎಲ್ಲಾ ದಂಡ ಬೇಡ ಅಂತ ಜಗಳ ಮಾಡಿದಾರೆ. ನೀವೇನು ಇನ್ನೊಂದು ಕೇಳ್ತಿದೀರ?"

ಭಾವ ಹೇಳಬೇಕಾಯಿತು. ಸೆಲ್ಫ್ ಇಲ್ಲ, ಸಮ ನೆಲದಲ್ಲಿ ನಿಂತರೆ ತಳ್ಳಬೇಕು, ತಳ್ಳಿದರೆ ಜೀಪು ಹೋಯಿತು, ಹೆಂಡತಿ ಈ ರೈಲಿಗೇ ಬರುತ್ತಿದ್ದಾಳೆ. ಮದುವೆಯ ದಿನದ್ದನ್ನೂ ಬಿಡದೆ ಹೇಳಿದರು. ಹೆಂಗಸು ನಗಲಿಲ್ಲ. ನನ್ನ ಕಡೆ ತಿರುಗಿ, "ನಿಜವಾ ಸಾರ್?" ಎಂದರು. "ನಿಜ" ಎಂದೆ.

ಅವರು ಗಡಿಯಾರ ನೋಡಿದರು. "ಪಾರ್ಸಲ್ ವ್ಯಾನ್ ಬರೋದು ಹತ್ತು ಗಂಟೆಗೆ. ಬೀಗ ತೆಗೆಯೋದು ನನ್ನ ಕೆಲಸ. ತೆಗೆಯೋಕೆ ಎಷ್ಟು ಹೊತ್ತು ಬೇಕು ಅಂತ ಬೋರ್ಡಲ್ಲಿ ಬರೆದಿದೆಯಾ?"

"ಇಲ್ಲ" ಎಂದೆ. ಆಗಷ್ಟೇ ಓದಿದ್ದೆ.

"ಹಾಗಾದ್ರೆ ರೈಲು ಬರ್ಲಿ, ಆಮೇಲೆ ತೆಗೀತೀನಿ. ನೀವು ಸೀದಾ ಹತ್ತಿಸೋ ಸಾಲಿಗೆ ಹೋಗಿ ಎಂಜಿನ್ ಓಡಿಸ್ಕೊಂಡು ಕೂತ್ಕೊಳ್ಳಿ. ಹತ್ತೇ ನಿಮಿಷ."

ರೈಲು ಬರುತ್ತಿದೆಯೆಂದು ಘೋಷಣೆ ಕೇಳಿದ್ದು ಒಂಬತ್ತೂ ನಲವತ್ಮೂರಕ್ಕೆ. ಅವರು ಬೀಗ ತೆಗೆದರು. ಭಾವ ಹತ್ತಿ ಕೂತರು. ಕಲ್ಲು ತೆಗೆದು ಜೀಪಿನೊಳಗೆ ಇಡುವುದು ನನ್ನ ಪಾಲಿನ ಕೆಲಸ. ತೆಗೆದೆ. ಜೀಪು ಉರುಳಲಿಲ್ಲ. ಇಳಿಜಾರು ಕಣ್ಣಿಗೆ ಕಂಡಷ್ಟು ಇರಲಿಲ್ಲ, ಚಕ್ರದ ಅಡಿಯಲ್ಲಿ ಸಿಮೆಂಟು ಕಿತ್ತು ಸಣ್ಣ ಗುಳಿ ಬಿದ್ದಿತ್ತು. ಭಾವ ಸ್ಟಿಯರಿಂಗ್ ಹಿಡಿದು ಕೂತಲ್ಲೇ ಮುಂದಕ್ಕೆ ಬಾಗಿದರು, ಅದರಿಂದ ಪ್ರಯೋಜನವಿದೆ ಎಂಬಂತೆ. ನಾನು ಕಲ್ಲನ್ನು ಗೋಡೆಯ ಹತ್ತಿರ ಇಳಿಸಿ ಗಡಿಯಾರ ನೋಡುತ್ತಿದ್ದೆ. ಅಷ್ಟರಲ್ಲಿ ನೀಲಿ ಕೋಟಿನವರು ಜೀಪಿನ ಹಿಂದೆ ಹೋಗಿ ಹೆಗಲು ಕೊಟ್ಟು ಒಂದು ಸಲ ನೂಕಿದರು. ಜೀಪು ಗುಳಿ ದಾಟಿ ಇಳಿಯಿತು, ಕೆಮ್ಮಿತು, ಎದ್ದಿತು. ಭಾವ ಹತ್ತಿಸುವ ಸಾಲಿಗೆ ಹೋದರು, ನಾನು ಒಳಗೆ ಓಡಿದೆ.

ಪ್ಲಾಟ್‌ಫಾರಂನಲ್ಲಿ ಅಕ್ಕ ಎರಡು ಬ್ಯಾಗು, ಜೋಳದ ರೊಟ್ಟಿಯ ಒಂದು ಡಬ್ಬದೊಂದಿಗೆ ಇಳಿದಳು. ಮೊಮ್ಮಗನ ವಿಷಯ ಹೇಳುತ್ತಾ ನಿಧಾನಕ್ಕೆ ನಡೆದಳು. ನಾನು ಬ್ಯಾಗು ಎತ್ತಿಕೊಂಡು ಮುಂದೆ ಮುಂದೆ ಹೋದೆ. ಜೀಪಿನ ಹತ್ತಿರ ಬಂದಾಗ ಹತ್ತರಲ್ಲಿ ಏಳು ನಿಮಿಷ ಮುಗಿದಿತ್ತು.

"ಎಂಜಿನ್ ಯಾಕ್ರೀ ಓಡ್ತಿದೆ?" ಅಕ್ಕನ ಮೊದಲ ಮಾತು.

"ನಿನ್ನನ್ನ ಕಾಯಿಸ್ಬಾರ್ದು ಅಂತ."

"ಮೂವತ್ತು ವರ್ಷದಲ್ಲಿ ಇಲ್ಲದ್ದು" ಎನ್ನುತ್ತಾ ಅವಳು ಒಂದು ಕಾಲು ಮೇಲಿಟ್ಟಳು. ಭಾವ ಆಗಲೇ ಗೇರಿಗೆ ಹಾಕಿದ್ದರು. ಆಗ ಹಿಂದಿನಿಂದ "ಅಣ್ಣ, ಅಣ್ಣ" ಎಂಬ ಕೂಗು ಕೇಳಿತು. ನೀಲಿ ಕೋಟಿನವರು ಎರಡೂ ಕೈಯಲ್ಲಿ ಕಲ್ಲು ಹೊತ್ತುಕೊಂಡು ಬರುತ್ತಿದ್ದರು. ಗೋಡೆಯ ಹತ್ತಿರ ಇಳಿಸಿದ್ದನ್ನು ನಾನು ಮರೆತಿದ್ದೆ.

ಅಕ್ಕ ಕಾಲು ಕೆಳಗಿಟ್ಟಳು. ಕಲ್ಲನ್ನು ನೋಡಿದಳು. ತಿರುಗಿಸಿ ಇನ್ನೊಂದು ಮಗ್ಗುಲೂ ನೋಡಿದಳು.

"ಇದು ನನ್ನ ಉಪ್ಪು ಮಾವಿನಕಾಯಿ ಭರಣಿ ಮೇಲಿನ ಕಲ್ಲು. ಹೋದ ವರ್ಷದಿಂದ ಹುಡುಕ್ತಿದೀನಿ."

ಎಂಜಿನ್ ಓಡುತ್ತಿತ್ತು.

"ಸೆಲ್ಫ್ ಮಾಡ್ಸಿಲ್ಲ." ಅದು ಪ್ರಶ್ನೆಯಾಗಿರಲಿಲ್ಲ. ಪ್ರಶ್ನೆ ಬಂದದ್ದು ನನಗೆ. "ಯಾರಾದ್ರೂ ತಳ್ಳಿದ್ರೇನೋ?"

ಭಾವ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. "ಒಬ್ಬರು ತಳ್ಳಿದರು ಅಕ್ಕ. ಒಂದು ಸಲ" ಎಂದೆ.

"ತಳ್ಳಿದ್ದು ನಾನಮ್ಮ" ಎಂದರು ನೀಲಿ ಕೋಟಿನವರು. "ದಾರಿಗೆ ಅಡ್ಡ ನಿಂತ ಗಾಡಿ ಸರಿಸೋದು ನನ್ನ ಡ್ಯೂಟಿ. ಅದಕ್ಕೆ ಅಣ್ಣ ಐನೂರು ಕಟ್ಟಿದಾರೆ, ರಸೀದಿ ಇದೆ. ಅದು ತಳ್ಳಿದ ಲೆಕ್ಕಕ್ಕೆ ಬರಲ್ಲ."

"ಐನೂರಾ?"

"ಇನ್ನೈನೂರು ಕೊಡೋಕೂ ರೆಡಿ ಇದ್ರು."

ಅಕ್ಕ ಗಂಡನನ್ನು ನೋಡಿದಳು. ಅವರು ಸ್ಪೀಡೋಮೀಟರ್ ನೋಡುತ್ತಿದ್ದರು, ಅದೂ ಓಡದೆ ಎಷ್ಟೋ ಕಾಲವಾಗಿತ್ತು. ಅವಳ ತುಟಿ ಮೊದಲು ಬಿಗಿಯಿತು, ಆಮೇಲೆ ಅವಳಿಗೇ ನಗು ತಡೆಯಲಾಗಲಿಲ್ಲ. ರೊಟ್ಟಿ ಡಬ್ಬ ತೆಗೆದು ನಾಲ್ಕು ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ನೀಲಿ ಕೋಟಿನವರ ಕೈಗಿಟ್ಟಳು. "ಒಂಬತ್ತು ನಿಮಿಷ ಆಯ್ತಮ್ಮ" ಎಂದರು ಅವರು. ಹೊರಟೆವು.

ಕೊಡ್ಲಿಪೇಟೆವರೆಗೂ ಕಲ್ಲು ಅಕ್ಕನ ತೊಡೆಯ ಮೇಲೆಯೇ ಇತ್ತು. ದಾರಿಯಲ್ಲಿ ಭಾವ ಎಲ್ಲೂ ನಿಲ್ಲಿಸುವಂತಿರಲಿಲ್ಲ, ನಿಲ್ಲಿಸೋಣ ಎಂದೂ ಅನ್ನಲಿಲ್ಲ. ಗಡಿ ದಾಟಿದ ಮೇಲೆ ಅಕ್ಕ ತೀರ್ಪು ಕೊಟ್ಟಳು.

"ಮಾತು ಅಂದ್ರೆ ಮಾತು. ಮಾರೋದೇ. ಆದ್ರೆ ಸ್ಟಾರ್ಟ್ ಆಗದ ಜೀಪನ್ನ ಯಾರು ತಗೋತಾರೆ? ಮೊದ್ಲು ಸೆಲ್ಫ್ ಹಾಕ್ಸಿ."

ಮರುವಾರವೇ ಹಾಕಿಸಿದರು. ತಿಂಗಳು ಕಳೆದ ಮೇಲೆ ಸೋಮವಾರಪೇಟೆಯ ಕಡೆಯಿಂದ ಒಬ್ಬರು ಜೀಪು ನೋಡಲು ಬಂದರು. ನಾನೂ ಅಲ್ಲಿದ್ದೆ. ಕೀ ತಿರುಗಿಸಿದ ಕೂಡಲೇ ಎಂಜಿನ್ ಎದ್ದಿತು. ಎರಡನೇ ಸಲವೂ ಎದ್ದಿತು. ಅಕ್ಕ ಜಗಲಿಯಲ್ಲಿ ನಿಂತು ಕೇಳಿಸಿಕೊಂಡಳು. ಎಷ್ಟಕ್ಕೆ ಕೊಡುತ್ತೀರಿ ಎಂದು ಅವರು ಭಾವನನ್ನು ಕೇಳಿದಾಗ ಬೆಲೆ ಹೇಳಿದವಳು ಅಕ್ಕ. ಆ ದುಡ್ಡಿಗೆ ಹೊಸದೇ ಬರುತ್ತಿತ್ತು. ಬಂದವರು ಕಾಫಿ ಕುಡಿದು, ಮಳೆಯ ವಿಷಯ ಮಾತಾಡಿ ಹೋದರು.

ಭಾವ ಜೀಪನ್ನು ತಿರುಗಿಸಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರು. ಇಳಿದು ಸೀಟಿನ ಅಡಿಗೆ ಕೈ ಹಾಕಿದರು. ಅಲ್ಲಿ ಕಲ್ಲಿರಲಿಲ್ಲ, ಅದು ಅಡುಗೆಮನೆಯಲ್ಲಿ ಭರಣಿಯ ಮೇಲಿತ್ತು. ಒಂದು ಕ್ಷಣ ಜಗಲಿಯ ಕಡೆ ನೋಡಿ, ತೋಟದೊಳಗೆ ಬೇರೆ ಕಲ್ಲು ಹುಡುಕಲು ಹೋದರು.