ಬೆಳಗಾದರೆ ಸಾಯುತ್ತಿದ್ದ ಬ್ಯಾಟರಿ

ತಾಳಿ. ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಟಿಕ್ ಟಿಕ್ ಅನ್ನುವ ಹಳೆಯ ಕಾರು ನಿಮ್ಮ ಮನೆಯಲ್ಲೂ ಇದ್ದರೆ, ಹೊಸ ಬ್ಯಾಟರಿ ತರಲು ಓಡುವ ಮೊದಲು, ಮನೆಯವರ ಮೇಲೆ ಕೂಗಾಡುವ ಮೊದಲು ಇದನ್ನು ಪೂರ್ತಿ ಓದಿ. ನಾನು ಎರಡನ್ನೂ ಮಾಡಿದವನು. ಎರಡರಿಂದಲೂ ಕಾರು ಸ್ಟಾರ್ಟ್ ಆಗಲಿಲ್ಲ.

ಕಾರು ನಮ್ಮ ತಾತನದು. ಬಿಳಿ ಬಣ್ಣ, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡದು. ತಾತ ಹೋದ ಮೇಲೆ ಬನಶಂಕರಿಯ ಮನೆಯಲ್ಲಿ ಕೆಳಗೆ ದೊಡ್ಡಪ್ಪ, ಮೇಲೆ ನಾವು, ನಮ್ಮ ಮೇಲಿನ ಮಹಡಿಯಲ್ಲಿ ಬಾಡಿಗೆಯವರು. ಕಾರು ನಿಲ್ಲುವುದು ಗೇಟಿನ ಒಳಗೆ, ದೊಡ್ಡಪ್ಪನ ಕಿಟಕಿಯ ಪಕ್ಕದ ಇಳಿಜಾರಿನಲ್ಲಿ. ಅದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನನ್ನನ್ನು ಕಂಡರೂ ಅಷ್ಟಕ್ಕಷ್ಟೇ. ನಾನು ಯಾವ ಗ್ಯಾರೇಜಿನಲ್ಲೂ ಕಲಿತವನಲ್ಲ. ವಿಡಿಯೊ ನೋಡಿ, ಬಿಚ್ಚಿ, ಕೆಡಿಸಿ, ಮತ್ತೆ ಜೋಡಿಸಿ ಕಲಿತದ್ದು. ಆರು ತಿಂಗಳು ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದು ವೈಪರ್, ಹಾರ್ನ್, ವರ್ಷಗಳಿಂದ ಉರಿಯದಿದ್ದ ಬ್ರೇಕ್ ಲೈಟು, ನೀರು ಸೋರುತ್ತಿದ್ದ ಡಿಕ್ಕಿ ಎಲ್ಲವನ್ನೂ ಸರಿ ಮಾಡಿದ್ದೆ. ಆಮೇಲೆ ಈ ಬ್ಯಾಟರಿಯ ಕಾಟ ಶುರುವಾಯಿತು. ಸಂಜೆ ಚೆನ್ನಾಗಿ ಓಡಿಸಿ ನಿಲ್ಲಿಸಿದರೆ ಬೆಳಗಿನ ಹೊತ್ತಿಗೆ ಪೂರ್ತಿ ಖಾಲಿ.

ಒಂದು ಭಾನುವಾರ ನಾನು ಮತ್ತು ಅಪ್ಪ ಬೆವರು ಸುರಿಸಿ ಕಾರನ್ನು ರಸ್ತೆಗೆ ತಳ್ಳುತ್ತಿದ್ದಾಗ ದೊಡ್ಡಪ್ಪ ಹೊರಗೆ ಬಂದು ನಿಂತರು. ಅವರು ಹೊಸ ಕಾರು ಬುಕ್ ಮಾಡಿದ್ದರು. ಅದನ್ನು ನಿಲ್ಲಿಸಲು ಜಾಗ ಬೇಕಿತ್ತು.

"ಬರೋ ಭಾನುವಾರದ ತನಕ ನೋಡ್ತೀನಿ. ಅವತ್ತು ಬೆಳಿಗ್ಗೆ ಯಾರೂ ತಳ್ಳದೆ ಸೆಲ್ಫ್ ಹೊಡೆದ್ರೆ ಇರ್ಲಿ. ಇಲ್ಲ ಅಂದ್ರೆ ಗುಜರಿಯವ್ನು ಬರ್ತಾನೆ," ಎಂದರು. ಅಪ್ಪ ಮತ್ತೆ ಕಾರಿಗೆ ಹೆಗಲು ಕೊಟ್ಟರು. ಅಣ್ಣನಿಗೆ ಅವರು ಯಾವತ್ತೂ ಎದುರಾಡುವುದಿಲ್ಲ. ನನಗೆ ಅದೂ ಸಿಟ್ಟೇ.

ಸೋಮವಾರ ಸಾರಕ್ಕಿ ಹತ್ತಿರದ ಆಟೊ ಎಲೆಕ್ಟ್ರಿಷಿಯನ್ ಒಬ್ಬನ ಬಳಿ ಹೋದೆ. ಕಾರನ್ನು ನೋಡಿ ಅವನು ನಕ್ಕ. ಬಾನೆಟ್ ತೆಗೆಯುವ ಮೊದಲೇ ಬ್ಯಾಟರಿ ಹೋಗಿದೆ ಎಂದು ತೀರ್ಪು ಕೊಟ್ಟ. ಹೊಸದು ಹಾಕಿಸಿಕೊಂಡು ಬಂದೆ. ಮಂಗಳವಾರ ಬೆಳಿಗ್ಗೆ ಆ ಹೊಸದೂ ಖಾಲಿ. ಮತ್ತೆ ಹೋಗಿ ಕೇಳಿದರೆ, "ದಿನಾ ರಾತ್ರಿ ಟರ್ಮಿನಲ್ ಬಿಚ್ಚಿಟ್ಬಿಡು ಗುರು, ತಲೆನೋವೇ ಇರಲ್ಲ," ಎಂದ. ನನಗೆ ಮೈ ಉರಿಯಿತು. ಜ್ವರ ಬಂದವನಿಗೆ ಥರ್ಮಾಮೀಟರ್ ಒಡೆದುಹಾಕು ಎಂದ ಹಾಗಾಯಿತು ಅದು. ಬಿಚ್ಚಿಟ್ಟು ಗೆದ್ದರೆ ಅದು ಮೋಸ ಎಂದು ದೊಡ್ಡಪ್ಪ ಹೇಳುವುದಂತೂ ಖಾತ್ರಿ. ಕಾರಣವನ್ನೇ ಹಿಡಿಯಬೇಕು ಎಂದು ಹಟಕ್ಕೆ ಬಿದ್ದೆ.

ಹಿಡಿಯುವ ದಾರಿ ಕಷ್ಟದ್ದೇನಲ್ಲ. ಬ್ಯಾಟರಿಯ ನೆಗೆಟಿವ್ ವೈರನ್ನು ಬಿಚ್ಚಿ, ವೈರಿಗೂ ಟರ್ಮಿನಲ್ಲಿಗೂ ನಡುವೆ ಮಲ್ಟಿಮೀಟರ್ ಇಡಬೇಕು. ಕೀ ತೆಗೆದಿದ್ದರೂ ಮೀಟರಿನಲ್ಲಿ ಕರೆಂಟು ಕಂಡರೆ ಯಾವುದೋ ಒಂದು ಕಳ್ಳತನದಲ್ಲಿ ಕುಡಿಯುತ್ತಿದೆ ಎಂದರ್ಥ. ಒಂದೊಂದೇ ಫ್ಯೂಸ್ ಕೀಳುತ್ತಾ ಹೋದರೆ ಕಳ್ಳ ಸಿಗುತ್ತಾನೆ. ಇಳಿಜಾರಿನಲ್ಲಿ ಕಾರಿನ ಮೂತಿ ಗೋಡೆಗೆ ತಾಗುವಷ್ಟು ಹತ್ತಿರ ಇರುವುದರಿಂದ ಬಾನೆಟ್ ಮುಂದೆ ನಿಲ್ಲಲು ಜಾಗವಿಲ್ಲ. ಆದ್ದರಿಂದ ಪ್ರತಿ ಸಲವೂ ಕಾರನ್ನು ರಸ್ತೆಗೆ ಇಳಿಸಿ, ಬ್ಯಾಟರಿ ಚಾರ್ಜ್ ಮಾಡಿಕೊಂಡು ಪರೀಕ್ಷೆ ಮಾಡಿದೆ. ಮೀಟರು ಸೊನ್ನೆ. ಬುಧವಾರ ಸೊನ್ನೆ, ಗುರುವಾರವೂ ಸೊನ್ನೆ. ಬಾಗಿಲಿನ ದೀಪ ಕಿತ್ತೆ, ರೇಡಿಯೊ ಕಿತ್ತೆ, ಡೈನಮೊದ ವೈರು ಬಿಚ್ಚಿ ಟೇಪು ಸುತ್ತಿದೆ. ಹಗಲಿನಲ್ಲಿ ಒಂದು ಹನಿ ಕರೆಂಟೂ ಸೋರದ ಕಾರು ಬೆಳಗಾಗುವಷ್ಟರಲ್ಲಿ ಸತ್ತಿರುತ್ತಿತ್ತು. ಇಂಟರ್ನೆಟ್ಟಿನ ಗುಂಪೊಂದರಲ್ಲಿ ಕೇಳಿದರೆ, ಮೀಟರ್ ಹಿಡಿಯಲು ಬರದವನಿಗೆ ಹಳೆಯ ಕಾರು ಯಾಕೆ ಎಂದು ಯಾರೋ ಬರೆದರು. ಅದಕ್ಕೆ ನಲವತ್ತು ಜನ ನಕ್ಕಿದ್ದರು.

ಕಾರಿನಲ್ಲಿ ದೋಷವಿಲ್ಲ ಎಂದಾದರೆ ಮನುಷ್ಯರಲ್ಲಿರಬೇಕು. ಆ ಕಾರು ಸಾಯುವುದು ಬೇಕಾಗಿದ್ದ ಮನುಷ್ಯ ಮನೆಯಲ್ಲಿ ಒಬ್ಬರೇ. ದೊಡ್ಡಪ್ಪ ಹಾಲಿಗೆಂದು ಐದು ಗಂಟೆಗೆ ಏಳುತ್ತಾರೆ. ಒಂದು ಬಾಗಿಲು ತೆಗೆದು ಹೆಡ್‌ಲೈಟು ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಮುಗಿಯಿತು. ಗುರುವಾರ ಸಂಜೆ ನಾಲ್ಕು ಬಾಗಿಲುಗಳ ಸಂದಿಗೂ ಸೆಲ್ಲೊಟೇಪಿನ ಸಣ್ಣ ತುಂಡು ಅಂಟಿಸಿ ಮೇಲೆ ಎಂದಿನಂತೆ ನೀಲಿ ಟಾರ್ಪಾಲು ಹೊದಿಸಿದೆ. ಶುಕ್ರವಾರ ಬೆಳಿಗ್ಗೆ ಡ್ರೈವರ್ ಕಡೆಯ ಟೇಪು ಬಿಟ್ಟುಕೊಂಡಿತ್ತು. ಟಾರ್ಪಾಲು ಎಳೆದಾಗ ನಾನೇ ಕಿತ್ತಿರಬಹುದು ಎಂದು ಈಗ ಹೇಳಬಲ್ಲೆ. ಅವತ್ತು ಅದು ತಲೆಗೆ ಹೊಳೆಯಲೇ ಇಲ್ಲ.

ನೇರ ಅವರ ಬಾಗಿಲಿಗೆ ಹೋದೆ. ದೊಡ್ಡಮ್ಮ ಹೊಸ್ತಿಲು ತೊಳೆಯುತ್ತಿದ್ದರು. ಮೇಲಿನ ಬಾಡಿಗೆಯವರು ಮೆಟ್ಟಿಲಿಳಿದು ಬರುತ್ತಿದ್ದರು.

"ಬೆಳಿಗ್ಗೆ ಗಾಡಿ ಬಾಗ್ಲು ತೆಗ್ದಿದ್ದು ನೀವೇ ತಾನೆ?" ಎಂದು ಕೇಳಿದೆ.

ದೊಡ್ಡಪ್ಪ ಪೇಪರ್ ಮಡಿಸಿಟ್ಟರು. ದನಿ ಏರಿಸಲಿಲ್ಲ. ಏರಿಸಿದ್ದರೇ ವಾಸಿಯಿತ್ತು.

"ನಂಗೆ ಆ ಡಬ್ಬ ಬೇಡ ಅಂದ್ರೆ ನಿನ್ ಕಣ್ಮುಂದೆನೇ ಎಳೆಸಿ ಹಾಕ್ತೀನಿ. ನನ್ನಪ್ಪನ ಕಾರಿಗೆ ಕದ್ದು ಕೈ ಹಾಕೋ ದರಿದ್ರ ನಂಗಿನ್ನೂ ಬಂದಿಲ್ಲ."

ಬಾಡಿಗೆಯವರು ಏನೂ ಕೇಳಿಸದವರ ಹಾಗೆ ಗೇಟು ದಾಟಿ ಹೋದರು. ನಾನು ಟೇಪಿನ ತುಂಡನ್ನು ತೋರಿಸಿದೆ. ಅವರು ಅದನ್ನು ನನ್ನ ಬೆರಳಿನಿಂದ ಕಿತ್ತುಕೊಂಡು ನೋಡಿ ದೊಡ್ಡಮ್ಮನ ಬಕೆಟ್ಟಿಗೆ ಹಾಕಿದರು. ನಾಳೆ ಕಾರನ್ನು ನಿಲ್ಲಿಸುವಾಗ ತಾನೂ ಇರುತ್ತೇನೆ, ಮೊದಲಿಂದ ಕೊನೆಯವರೆಗೂ ತನ್ನ ಮುಂದೆಯೇ ಎಲ್ಲ ಮಾಡಬೇಕು, ಆಮೇಲೆ ಯಾರ ಹೆಸರು ಹೇಳುತ್ತೀಯೋ ನೋಡೋಣ ಎಂದರು. ಅಪ್ಪ ಮೇಲಿನಿಂದ ನನ್ನ ಹೆಸರು ಹಿಡಿದು ಕೂಗಿದರು. ಅವತ್ತು ಇಡೀ ದಿನ ನಮ್ಮ ಮನೆಯಲ್ಲಿ ಯಾರೂ ನನ್ನೊಂದಿಗೆ ಮಾತಾಡಲಿಲ್ಲ.

ಶನಿವಾರ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಅರೆಕೆರೆಯ ತನಕ ಒಂದು ಸುತ್ತು ಹೊಡೆದೆ. ದಿನವೂ ನಾಲ್ಕೂವರೆ ಐದಕ್ಕೆ ನಿಲ್ಲಿಸಿಬಿಡುತ್ತಿದ್ದೆ. ಅವತ್ತು ದೊಡ್ಡಪ್ಪ ವಾಕಿಂಗ್ ಮುಗಿಸಿ ಬರುವವರೆಗೆ ಕಾಯಬೇಕಾಯಿತು. ಅವರು ಬಂದಾಗ ಆರೂಮುಕ್ಕಾಲು. ಬೆಳಕು ಇಳಿದಿತ್ತು. ಅವರು ಗೇಟಿನ ಪಕ್ಕ, ಕಾರಿನ ಹಿಂಭಾಗಕ್ಕೆ ಎದುರಾಗಿ ಕೈಕಟ್ಟಿ ನಿಂತರು.

ಇಳಿಜಾರು ಹತ್ತಿಸಿದೆ. ಎಂಜಿನ್ ಆರಿಸಿದೆ. ಕೀ ತೆಗೆದು ಅವರಿಗೆ ಕಾಣುವ ಹಾಗೆ ಮೇಲೆತ್ತಿ ತೋರಿಸಿದೆ. ನಮ್ಮ ಕಾರಿನ ಹ್ಯಾಂಡ್ ಬ್ರೇಕು ಮೊದಲಿಂದಲೂ ಹೆಸರಿಗೆ ಮಾತ್ರ. ಇಳಿಜಾರಿನಲ್ಲಿ ಕಾರು ಹಿಂದಕ್ಕೆ ಜಾರದಿರಲೆಂದು ತಾತ ಒಂದು ಹೊಂಗೆ ಕೋಲನ್ನು ಅಳತೆಗೆ ಕತ್ತರಿಸಿ ಇಟ್ಟಿದ್ದರು. ಅದರ ಒಂದು ತುದಿ ಸೀಟಿಗೆ, ಇನ್ನೊಂದು ಬ್ರೇಕ್ ಪೆಡಲಿಗೆ. ನಾನೂ ಹಾಗೆಯೇ ಕೋಲು ಕೊಟ್ಟು ಇಳಿದು ಬಾಗಿಲು ಹಾಕಿದೆ.

"ಬ್ರೇಕ್ ಮೇಲಿಂದ ಕಾಲು ತೆಗಿ," ಎಂದರು ದೊಡ್ಡಪ್ಪ ಹಿಂದಿನಿಂದ.

"ತೆಗ್ದಿದೀನಿ."

"ತೆಗಿಯೋ ಅಂದ್ರೆ."

"ನಾನು ಕೆಳಗಿದೀನಿ ದೊಡ್ಡಪ್ಪ. ಗಾಡೀಲಿ ಯಾರೂ ಇಲ್ಲ."

ಹಿಂದೆ ಹೋಗಿ ನೋಡಿದೆ. ಎರಡೂ ಬ್ರೇಕ್ ಲೈಟು ಕೆಂಪಗೆ ಉರಿಯುತ್ತಿದ್ದವು.

ತಾತನ ಕಾಲದಲ್ಲಿ ಪೆಡಲಿನ ಹತ್ತಿರದ ಸ್ವಿಚ್ಚು ಕೆಟ್ಟು ಆ ದೀಪಗಳು ಉರಿಯುತ್ತಲೇ ಇರಲಿಲ್ಲ. ಹಾಗಾಗಿ ಕೋಲಿನಿಂದ ತೊಂದರೆಯೂ ಇರಲಿಲ್ಲ. ಸ್ವಿಚ್ಚು ಹೊಸದು ಹಾಕಿದ್ದು ನಾನು. ಆ ಕಾರಿನಲ್ಲಿ ಬ್ರೇಕ್ ಲೈಟಿಗೆ ಕೀ ಬೇಕಾಗಿಲ್ಲ, ಬ್ಯಾಟರಿಯಿಂದ ನೇರ ಕರೆಂಟು ಬರುತ್ತದೆ. ನಮ್ಮದು ಪಶ್ಚಿಮದ ಗೇಟು. ದಿನವೂ ನಾನು ನಿಲ್ಲಿಸುವ ಹೊತ್ತಿಗೆ ಇಳಿಬಿಸಿಲು ಆ ಕೆಂಪು ಗಾಜಿನ ಮೇಲೇ ಬೀಳುತ್ತಿತ್ತು, ಒಳಗೆ ಉರಿಯುವುದು ಗೊತ್ತಾಗುತ್ತಿರಲಿಲ್ಲ. ಆಮೇಲೆ ಟಾರ್ಪಾಲು. ಪರೀಕ್ಷೆಗೆಂದು ರಸ್ತೆಗೆ ಇಳಿಸುವಾಗ ಮೊದಲು ಮಾಡುತ್ತಿದ್ದ ಕೆಲಸವೇ ಕೋಲು ತೆಗೆಯುವುದು. ಮೀಟರು ಸೊನ್ನೆ ತೋರಿಸದೆ ಇನ್ನೇನು ತೋರಿಸಬೇಕು?

ಕೋಲು ತೆಗೆದೆ. ದೀಪ ಆರಿತು. ಕಾರು ಜಾರಿತು, ದೊಡ್ಡಪ್ಪನೇ ಬಗ್ಗಿ ಚಕ್ರದ ಹಿಂದೆ ಒಂದು ಸೈಜುಗಲ್ಲು ಸರಿಸಿದರು. ಕೈ ಒರೆಸಿಕೊಂಡು ಒಳಗೆ ಹೋದರು. ನಾನು ಮೇಲೆ ಹೋಗಿ ಕೂತು ತಪ್ಪು ಒಪ್ಪಿಕೊಳ್ಳುವ ಮಾತುಗಳನ್ನು ಜೋಡಿಸಿದೆ. ಕೆಳಗೆ ಇಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಕೀ ತಿರುಗಿಸಿದ ತಕ್ಷಣ ಎಂಜಿನ್ ಹಿಡಿಯಿತು. ದೊಡ್ಡಪ್ಪ ಕಿಟಕಿಯಲ್ಲಿದ್ದರು. ಎಂಜಿನ್ ಆರಿಸಿ ಅವರ ಬಳಿ ಹೋಗಿ, ಸಾರಿ ದೊಡ್ಡಪ್ಪ ಎಂದೆ.

"ಮಾತು ಕೊಟ್ಟಿದ್ದೆ, ಗಾಡಿ ಇರ್ಲಿ," ಎಂದರು. "ಬಾಡಿಗೆಯವ್ರ ಮುಂದೆ ನನ್ನ ಕಳ್ಳ ಅಂದೆಯಲ್ಲ, ಅದನ್ನ ಎಲ್ಲಿ ನಿಲ್ಲಿಸ್ತೀಯ? ನನ್ನ ಮಾತಾಡ್ಸಕ್ಕೆ ಬರ್ಬೇಡ."

ಐದು ತಿಂಗಳಾಯಿತು. ಅವರ ಹೊಸ ಕಾರು ರಸ್ತೆಯಲ್ಲಿ, ಹೊಂಗೆಮರದ ಕೆಳಗೆ ನಿಲ್ಲುತ್ತದೆ. ಅದರ ಮೇಲೆ ಹಕ್ಕಿಗಳು ಮಾಡಿದ ಗಲೀಜನ್ನು ಅವರು ಬೆಳಿಗ್ಗೆ ಬೆಳಿಗ್ಗೆ ಒರೆಸುತ್ತಾರೆ. ನಾನು ಗೇಟು ದಾಟುವಾಗ ತಲೆ ಎತ್ತುವುದಿಲ್ಲ. ಯುಗಾದಿಗೆ ಕೆಳಗಿನಿಂದ ಒಬ್ಬಟ್ಟು ಬಂತು, ಅಪ್ಪ ಅಮ್ಮನ ಲೆಕ್ಕಕ್ಕೆ ಮಾತ್ರ.

ನಿಮ್ಮ ಹಳೆಯ ಗಾಡಿಯ ಬ್ಯಾಟರಿ ಹೀಗೆ ಬರಿದಾಗಿದ್ದರೆ ಬರೆದು ತಿಳಿಸಿ. ಕಳ್ಳ ಎಲ್ಲಿ ಸಿಕ್ಕ ಎನ್ನುವುದನ್ನು ಬರೆಯಿರಿ. ಸಿಗುವ ಮೊದಲು ಯಾರ ಮೇಲೆ ಗೂಬೆ ಕೂರಿಸಿದ್ದಿರಿ, ಅವರು ಈಗ ನಿಮ್ಮೊಂದಿಗೆ ಮಾತಾಡುತ್ತಾರಾ, ಮಾತಾಡಿಸಲು ಏನು ಮಾಡಿದಿರಿ, ಅದನ್ನೂ ಬರೆಯಿರಿ. ವೈರಿಂಗಿನ ವಿಷಯ ನಾನು ಹೇಗೋ ಕಲಿತುಕೊಳ್ಳುತ್ತೇನೆ. ಇದಕ್ಕೆ ಮಾತ್ರ ಯಾವ ವಿಡಿಯೊವೂ ಸಿಗಲಿಲ್ಲ.