ಜಿನರಾಜಣ್ಣ ನೋಡದ ಆಮೆ

ಗುರುವಾಯನಕೆರೆಯ ಜಂಕ್ಷನ್ನಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಜಿನರಾಜಣ್ಣ, ಕಣ್ಣು ತೋರಿಸಲು ಬಂದವರನ್ನು ಮೊದಲು ಬಾಗಿಲಲ್ಲಿ ನಿಲ್ಲಿಸಿ ಬಸ್ಸಿನ ಬೋರ್ಡು ಓದಿಸುತ್ತಿದ್ದರು. ಒಳಗೆ ಗೋಡೆಯ ಮೇಲೆ ಅಕ್ಷರಗಳ ಚಾರ್ಟು ಇತ್ತು, ಗಲ್ಲ ಊರಿ ನೋಡುವ ಯಂತ್ರವೂ ಇತ್ತು. ಅವುಗಳ ಸರದಿ ಬರುವುದು ಬಸ್ಸು ಹೋದ ಮೇಲೆಯೇ. ತೊಂದರೆ ಏನೆಂದರೆ, ಯಾವ ಹೊತ್ತಿಗೆ ಯಾವ ಬಸ್ಸು ಎಂಬುದು ನಮ್ಮವರಿಗೆ ಬಾಯಿಪಾಠ. ತಿರುವಿನಲ್ಲಿ ಹಾರ್ನ್ ಕೇಳಿದ ಕೂಡಲೇ ‘ಮೂಡುಬಿದಿರೆ, ವೇಣೂರು ಮಾರ್ಗ’ ಎಂದು ಕಣ್ಣು ಮುಚ್ಚಿಕೊಂಡೇ ಓದಿಬಿಡುವವರು. ಜಿನರಾಜಣ್ಣ ಇಂಥ ಕಳ್ಳರನ್ನು ಬಹಳ ನೋಡಿದ್ದರು.

“ಊರಿನ ಹೆಸರು ಬೇಡ ಮಾರಾಯ್ರೆ, ಅದು ನಿಮಗೆ ಗೊತ್ತುಂಟು. ಡ್ರೈವರನ ಎದುರು ನೇತಾಡ್ತದಲ್ಲ, ಆ ಹೂವಿನ ಬಣ್ಣ ಹೇಳಿ” ಎನ್ನುತ್ತಿದ್ದರು.

ಹೀಗೆ ಅರ್ಧ ತಾಲೂಕಿಗೆ ಕಣ್ಣು ಕೊಟ್ಟ ಮನುಷ್ಯನ ಸ್ವಂತ ಕಣ್ಣು ಮಾತ್ರ ದೇವರಿಗೇ ಪ್ರೀತಿ. ಅವರ ಕನ್ನಡಕದ ಗಾಜು ಸೋಡಾ ಬಾಟಲಿಯ ತಳದ ಹಾಗಿತ್ತು. ಒರೆಸಲೆಂದು ಅದನ್ನು ತೆಗೆದ ಹೊತ್ತಿನಲ್ಲಿ ಅವರು ಎದುರಿನ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತ ಪುಢಾರಿಗೆ ಪ್ರತಿ ನಮಸ್ಕಾರ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಕ್ಕದಲ್ಲೇ ನನ್ನ ಫೋಟೋ ಸ್ಟುಡಿಯೋ. ಗೋಡೆ ಒಂದೇ, ಚಹಾ ಒಂದೇ, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಹರಟೆಯೂ ಒಂದೇ.

ಅವರ ತಲೆಗೆ ಸಮುದ್ರ ಹೊಕ್ಕದ್ದು ನಮ್ಮ ಜಂಕ್ಷನ್ನಿನ ಅಂಗಡಿಯವರ ಪ್ರವಾಸದಲ್ಲಿ. ಮುರ್ಡೇಶ್ವರಕ್ಕೆ ಹೋದವರು ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಳಿ ಹೋದೆವು. ಅಲ್ಲಿ ಬೆನ್ನಿಗೆ ಸಿಲಿಂಡರು ಕಟ್ಟಿ, ಒಬ್ಬ ತರಬೇತುದಾರ ಕೈ ಹಿಡಿದು ನೀರಿನೊಳಗೆ ಸುತ್ತಾಡಿಸುತ್ತಾನೆ. ಈಜು ಬಾರದವರೂ ಇಳಿಯಬಹುದು. ನಾನು ಮಾತ್ರ ಇಳಿಯಲಿಲ್ಲ. ದೋಣಿಯ ಅಂಚು ಹಿಡಿದು ಬೆಳಗಿನ ಇಡ್ಲಿಯನ್ನು ಹೊಟ್ಟೆಯಲ್ಲೇ ಉಳಿಸಿಕೊಳ್ಳುವ ಪ್ರಯತ್ನದಲ್ಲಿದ್ದೆ. ನಮ್ಮೆಲ್ಲರಿಗಿಂತ ಹಿರಿಯರಾದ ಜಿನರಾಜಣ್ಣ ಕನ್ನಡಕ ಕಳಚಿ ನನ್ನ ಕೈಗೆ ಕೊಟ್ಟು, ಮಾಸ್ಕ್ ಹಾಕಿಕೊಂಡು ದೊಪ್ಪೆಂದು ಬಿದ್ದೇಬಿಟ್ಟರು.

ಮೇಲೆ ಬಂದಾಗ ದೋಣಿಯಲ್ಲಿ ಆಮೆಯದೇ ಗಲಾಟೆ. ಹಲಸಿನ ಹಣ್ಣಿನಷ್ಟು ದೊಡ್ಡ ಆಮೆಯೊಂದು ಬಂದಿತ್ತಂತೆ, ಬೇರೆ ಯಾರ ಬಳಿಯೂ ಸುಳಿಯದೆ ಜಿನರಾಜಣ್ಣನ ಹೊಟ್ಟೆಯಡಿಯಲ್ಲೇ ನಿಧಾನಕ್ಕೆ ಹಾದುಹೋಯಿತಂತೆ. ಎಲ್ಲರೂ ಅವರ ಅದೃಷ್ಟವನ್ನು ಹೊಗಳುವವರೇ. ಅವರು ಕನ್ನಡಕ ಏರಿಸಿಕೊಂಡು, ಹೊಗಳುವವರ ಮುಖಗಳನ್ನು ಒಂದೊಂದಾಗಿ ನೋಡಿದರು.

“ನನಗೆ ಕಂಡದ್ದು ನೀಲಿ” ಎಂದರು. “ಒಳ್ಳೆಯ ನೀಲಿ. ಆದ್ರೆ ಬರೀ ನೀಲಿ.”

ಮರುದಿನ ಶಟರು ಎತ್ತುವ ಮೊದಲೇ ನನ್ನ ಸ್ಟುಡಿಯೋಕ್ಕೆ ಬಂದರು. ನೀರಿನೊಳಗೆ ಕಾಣದಿದ್ದರೆ ಬೇಡ, ಕ್ಯಾಮರಾ ನೋಡಿಕೊಂಡು ಬರಲಿ, ತಾನು ಮೇಲೆ ಬಂದು ಕನ್ನಡಕ ಹಾಕಿ ನೋಡುತ್ತೇನೆ ಎಂಬುದು ಅವರ ಯೋಜನೆ. ಆ ಆಮೆಯನ್ನು ನೋಡದೆ ತಾನು ಸುಮ್ಮನಿರುವುದಿಲ್ಲ ಎಂದರು. ಹೇಳುವಾಗ ನಗುತ್ತಿದ್ದರು, ಆದರೆ ರಾತ್ರಿ ನಿದ್ದೆ ಬಂದಿರಲಿಲ್ಲ ಎಂಬುದು ಮುಖದಲ್ಲೇ ಬರೆದಿತ್ತು. ಬಜೆಟ್ಟಿನ ವಿಷಯದಲ್ಲಿ ಒಂದೇ ಷರತ್ತು. ಅವರ ಶೋಕೇಸಿನಲ್ಲಿ ಬಂಗಾರದ ಬಣ್ಣದ ಒಂದು ಫ್ರೇಮು ವರ್ಷಗಳಿಂದ ಗಿರಾಕಿ ಕಾಣದೆ ಕುಳಿತಿತ್ತು. ಕ್ಯಾಮರಾ ಅದಕ್ಕಿಂತ ದುಬಾರಿ ಆಗಬಾರದು. ಅದಕ್ಕಿಂತ ದುಬಾರಿಯದ್ದನ್ನು ಯಾವ ಬುದ್ಧಿವಂತನೂ ಕೊಳ್ಳುವುದಿಲ್ಲ ಎಂಬುದು ಅವರ ಸ್ವಾನುಭವ.

ನನಗೆ ಗೊತ್ತಿದ್ದ ಕ್ಯಾಮರಾಗಳೆಲ್ಲ ಮದುವೆ ಮಂಟಪದವು. ನನ್ನ ಕ್ಯಾಮರಾದ ಮೇಲೆ ಅತಿ ಹೆಚ್ಚು ನೀರು ಬಿದ್ದದ್ದು ಧಾರೆ ಎರೆಯುವಾಗ. ಹಾಗಂತ ಒಪ್ಪಿಕೊಳ್ಳುವುದುಂಟೇ? ಅಂದಿನಿಂದ ಇಬ್ಬರೂ ಸೇರಿ ಮೊಬೈಲಿನಲ್ಲಿ ಹುಡುಕಿದ್ದೇ ಹುಡುಕಿದ್ದು.

ಮೊದಲಿಗೆ ಅಗ್ಗದ ದಾರಿ ಹಿಡಿದೆವು. ಫೋನನ್ನೇ ಒಳಗಿಟ್ಟು ಮುಳುಗಿಸುವ ಪ್ಲಾಸ್ಟಿಕ್ ಚೀಲ ತರಿಸಿ ಅಂಗಡಿಯ ಹಿಂದೆ ಬಕೆಟಿನಲ್ಲಿ ಪರೀಕ್ಷೆ ನಡೆಸಿದೆವು. ನೀರು ಒತ್ತಿದಲ್ಲೆಲ್ಲ ಫೋನಿಗೆ ಬೆರಳು ಮುಟ್ಟಿದಂತಾಗಿ, ಅದು ತಾನಾಗಿ ಅವರ ಭಾವನಿಗೆ ವಿಡಿಯೋ ಕಾಲ್ ಮಾಡಿತು. ಬಕೆಟಿನ ತಳದಿಂದ ಭಾವ, ಯಾರಿಗೆ ಹುಷಾರಿಲ್ಲ ಎಂದು ಗಾಬರಿಯಲ್ಲಿ ಕೇಳುತ್ತಿದ್ದರು. ಆ ದಾರಿ ಅಲ್ಲಿಗೇ ಮುಚ್ಚಿತು. ನೀರು ಹೊಗದ ಸಣ್ಣ ಕ್ಯಾಮರಾಗಳೂ ಇದ್ದವು. ಅಗ್ಗದವು ಈಜುಕೊಳದ ಆಳಕ್ಕೆ ಸಾಕು, ಸಮುದ್ರದ ಆಳಕ್ಕಲ್ಲ. ಸಮುದ್ರಕ್ಕೆ ಆಗುವಂಥವು ಬಂಗಾರದ ಫ್ರೇಮನ್ನು ಎಂದೋ ದಾಟಿದ್ದವು. ಕೊನೆಗೆ ಉಳಿದದ್ದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಆ್ಯಕ್ಷನ್ ಕ್ಯಾಮರಾ, ಅದನ್ನು ಮುಚ್ಚಲು ಗಟ್ಟಿ ಪಾರದರ್ಶಕ ಡಬ್ಬಿ, ಅದೂ ಸೆಕೆಂಡ್ ಹ್ಯಾಂಡ್.

ಅಂಗಡಿಗೆ ಬಂದವರೆಲ್ಲ ಈ ಹುಡುಕಾಟದಲ್ಲಿ ಪಾಲುದಾರರು. ಆ ಕ್ಯಾಮರಾಗಳು ತೆಗೆದ ಮೀನುಗಳ ಮಾದರಿ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದರೆ ಸಾಕು, ಇದು ತೆಂಗಿನಕಾಯಿ ಅರೆದ ಗಸಿಗೆ ಒಳ್ಳೆಯದು, ಇದು ಹುರಿದರೆ ಮಾತ್ರ ರುಚಿ ಎಂದು ಅಭಿಪ್ರಾಯ ಶುರು. ನಾನೂ ಆ ಪಂಗಡದವನೇ. ಹುಟ್ಟಾ ಜೈನರಾದ ಜಿನರಾಜಣ್ಣನಿಗೆ ಇದು ದೊಡ್ಡ ತಮಾಷೆ. “ನೀವೆಲ್ಲ ಮೀನನ್ನು ಮಸಾಲೆಯೊಟ್ಟಿಗೆ ನೋಡಿದವರು. ಅದರ ನಿಜವಾದ ಮುಖ ನೋಡಿದವನು ಈ ತಾಲೂಕಿನಲ್ಲಿ ನಾನೊಬ್ಬನೇ ಆಗ್ತೇನೆ” ಎನ್ನುತ್ತಿದ್ದರು.

ಕ್ಯಾಮರಾ ಸಿಕ್ಕಿದ್ದು ಫರಂಗಿಪೇಟೆಯಲ್ಲಿ. ರಿಯಾದಿನಿಂದ ಬಂದ ಇಕ್ಬಾಲ್ ಎಂಬ ಯುವಕ ಮಾರಾಟಕ್ಕಿಟ್ಟಿದ್ದ. ಮೂಡುಬಿದಿರೆಯ ಜಿನರಾಜಣ್ಣನ ಮನೆಯಿಂದ ನನ್ನ ಬೈಕಿನಲ್ಲಿ ಹೊರಟು, ಸಿದ್ಧಕಟ್ಟೆ, ಬಂಟ್ವಾಳ ದಾಟಿ ಅಲ್ಲಿ ಮುಟ್ಟುವಾಗ ಸಂಜೆಯಾಗಿತ್ತು. ಇದು ಒಂದು ಹನಿ ನೀರೂ ನೋಡಿಲ್ಲ, ರಿಯಾದಿನಲ್ಲಿ ನೀರೆಲ್ಲಿ ಎಂದು ಇಕ್ಬಾಲ್ ಆಣೆ ಹಾಕಿದ. ಜಿನರಾಜಣ್ಣ ಕಿಸೆಯಿಂದ ಭೂತಗನ್ನಡಿ ತೆಗೆದು ಡಬ್ಬಿಯ ರಬ್ಬರ್ ಬಳೆಯನ್ನು ಸುತ್ತಲೂ ಪರೀಕ್ಷಿಸಿದರು. ಅಲ್ಲಿ ಒಂದು ಕೂದಲು ಸಿಕ್ಕಿಕೊಂಡಿದ್ದರೂ ಸಮುದ್ರ ಒಳಗೆ ಬರುತ್ತದೆ ಎಂದು ಎಲ್ಲೋ ಓದಿದ್ದರು. ಆಮೇಲೆ ಚೌಕಾಸಿ ಆರಂಭವಾಯಿತು.

ಚೌಕಾಸಿಯಲ್ಲಿ ಅವರನ್ನು ಸೋಲಿಸುವವರು ಇರಲಿಲ್ಲ, ಒಬ್ಬ ಸೂರ್ಯನನ್ನು ಬಿಟ್ಟು. ಸೂರ್ಯ ಮುಳುಗಿದ ಮೇಲೆ ಅವರು ಊಟ ಮಾಡುವವರಲ್ಲ. ಬುತ್ತಿ ಬೈಕಿನ ಚೀಲದಲ್ಲಿತ್ತು. ಮಾತು ಮುಂದುವರಿದಂತೆ ಅವರ ನೋಟ ನೇತ್ರಾವತಿ ಹೊಳೆಯ ಮೇಲೆ ಇಳಿಯುತ್ತಿದ್ದ ಸೂರ್ಯನ ಕಡೆ ವಾಲುತ್ತಿತ್ತು. ಇಕ್ಬಾಲ್ ಜಾಣ, ಮೂರು ಮಾತಿನಲ್ಲೇ ಸಂಗತಿ ಹಿಡಿದ. ಪಾಪ, ತಾನೇ ನೀರು ತಂದಿಟ್ಟು, ಮೊದಲು ಊಟ ಮಾಡಿ, ರೇಟು ಆಮೇಲೆ ಮಾತಾಡುವ ಎಂದು ಕುರ್ಚಿ ಎಳೆದು ಕೊಟ್ಟ. ಅವನ ಅಂಗಳದಲ್ಲಿ ಕುಳಿತು, ಅವನ ನೀರು ಕುಡಿದು, ಊಟ ಮುಗಿಸಿ ಎದ್ದ ಮೇಲೆ ಜಿನರಾಜಣ್ಣನಿಗೆ ಬೆಲೆ ಇಳಿಸಲು ನಾಲಿಗೆಯೇ ಏಳಲಿಲ್ಲ. ಹೇಳಿದಷ್ಟು ಕೊಟ್ಟು ಬಂದರು. ಅದು ಬಂಗಾರದ ಫ್ರೇಮಿಗೆ ಸರಿಸಮವಾಗಿತ್ತು. ದಾರಿಯುದ್ದಕ್ಕೂ, ಮಳೆಗಾಲದಲ್ಲಿ ಮೋಡ ಇರುವಾಗ ಬಂದಿದ್ದರೆ ಗೆಲ್ಲುತ್ತಿದ್ದೆ ಎನ್ನುತ್ತಿದ್ದರು.

ಸಮುದ್ರಕ್ಕೆ ಮೊದಲು ಬಾವಿ. ಖಾಲಿ ಡಬ್ಬಿಯಲ್ಲಿ ಟಿಶ್ಯೂ ಕಾಗದ ಇಟ್ಟು, ಕಲ್ಲು ಕಟ್ಟಿ ಅವರ ಮನೆಯ ಬಾವಿಗೆ ಇಳಿಸಿದೆವು. ಕಾಗದ ಒದ್ದೆಯಾಗದಿದ್ದರೆ ಡಬ್ಬಿ ಪಾಸು. ನಾವಿಬ್ಬರೂ ಬಾವಿಗೆ ಬಗ್ಗಿದ್ದನ್ನು ಕಂಡು ನೆರೆಯವರು ಏನೋ ಬಿದ್ದಿದೆ ಎಂದುಕೊಂಡು ಪಾತಾಳಗರಡಿ ಹಿಡಿದು ಓಡಿ ಬಂದರು. ಬಾವಿಗೆ ಬಿದ್ದ ಕೊಡವನ್ನು ಸಿಕ್ಕಿಸಿ ಎತ್ತುವ ಆ ಕೊಕ್ಕೆಗಳ ಗೊಂಚಲಿಗೆ ಬಹಳ ದಿನಗಳಿಂದ ಕೆಲಸವಿರಲಿಲ್ಲ. ಕಾಗದ ಒದ್ದೆಯಾಗದೆ ಹಾಗೇ ಮೇಲೆ ಬಂತು. ಮತ್ತೆ ಕ್ಯಾಮರಾ ಇಟ್ಟು, ಟಾರ್ಚು ಕಟ್ಟಿ ಇಳಿಸಿದೆವು. ವಿಡಿಯೋದಲ್ಲಿ ಬಾವಿಯ ತಳದ ಕೆಸರಿನಲ್ಲಿ ಒಂದು ಕಂಚಿನ ಚೊಂಬು ಕಾಣಿಸಿತು. ಅವರ ಹೆಂಡತಿ ಸುನಂದಕ್ಕ, ತವರಿನಿಂದ ತಂದ ಚೊಂಬು ಕಳೆದಾಗ ಮನೆಯ ಯಾರ‍್ಯಾರ ಮೇಲೆ ಅನುಮಾನ ಪಟ್ಟಿದ್ದೆ ಎಂದು ನೆನೆದು ನಕ್ಕೂ ನಕ್ಕೂ ಕಟ್ಟೆಯಲ್ಲಿ ಕುಳಿತುಬಿಟ್ಟರು. ನೆರೆಯವರ ಪಾತಾಳಗರಡಿಗೂ ಅಂದು ಮರ್ಯಾದೆ ಸಿಕ್ಕಿತು. ಹಾಕಿದ ದುಡ್ಡು ಹುಟ್ಟಿತು, ಇನ್ನು ಸಮುದ್ರದ ಸುದ್ದಿ ಬೇಡ ಎಂದು ಸುನಂದಕ್ಕ ತೀರ್ಪು ಕೊಟ್ಟರು. ಜಿನರಾಜಣ್ಣ ಕೇಳಬೇಕಲ್ಲ.

ಎರಡನೆಯ ಸಲ ನೇತ್ರಾಣಿಗೆ ಹೋದಾಗ ಆಮೆ ಮತ್ತೆ ಬಂತು. ಹಾಗೆಂದು ತರಬೇತುದಾರ ಹೇಳಿದ. ಜಿನರಾಜಣ್ಣನಿಗೆ ಎಂದಿನ ನೀಲಿ. ಆದರೂ ಸಂತೋಷದಿಂದ ದೋಣಿಯಲ್ಲಿ ನನ್ನ ಬೆನ್ನಿಗೆ ಗುದ್ದುತ್ತಿದ್ದರು, ಈ ಸಲ ಕ್ಯಾಮರಾ ಓಡುತ್ತಿತ್ತಲ್ಲ. ಮೂಡುಬಿದಿರೆಗೆ ಬಂದು, ಟಿವಿಗೆ ಜೋಡಿಸಿ, ಸುನಂದಕ್ಕನನ್ನೂ ಕರೆದು ಕೂರಿಸಿದೆವು.

ಪರದೆಯ ಮೇಲೆ ಬಂದದ್ದು ಜಿನರಾಜಣ್ಣನ ಮುಖ. ಬ್ಯಾಟರಿ ಉಳಿಸಲೆಂದು ಹಿಂದಿನ ಪುಟ್ಟ ಪರದೆ ಆರಿಸಿಟ್ಟಿದ್ದೆವು. ಮುಂದು ಯಾವುದು ಹಿಂದು ಯಾವುದು ಕಾಣದೆ ಅವರು ಕ್ಯಾಮರಾವನ್ನು ತಿರುಗಾಮುರುಗಾ ಹಿಡಿದಿದ್ದರು. ಇಡೀ ವಿಡಿಯೋ ಅವರದೇ ಮೂಗು, ಅವರದೇ ಗುಳ್ಳೆಗಳು. ಮಾಸ್ಕಿನ ಹಿಂದೆ ಕಣ್ಣುಗಳನ್ನು ಇಷ್ಟಗಲ ಅರಳಿಸಿಕೊಂಡು ಎತ್ತಲೋ ಹುಡುಕುತ್ತಿದ್ದಾರೆ. ಅಷ್ಟರಲ್ಲಿ ಅವರ ಎಡಕಿವಿಯ ಹಿಂದಿನಿಂದ ಆಮೆ ಬಂತು. ಭುಜದ ಬಳಿ ಒಂದು ಗಳಿಗೆ ನಿಂತು, ಇವರನ್ನೇ ನೋಡಿ, ಅರ್ಧ ದೇಹ ಪರದೆಯೊಳಗೆ, ಅರ್ಧ ಹೊರಗೆ, ಈಜಿ ಹೋಯಿತು. ನಾನು ನಗು ತಡೆಯಲಾರದೆ ಸೋಫಾದಿಂದ ಜಾರಿದೆ. ಜಿನರಾಜಣ್ಣ ಅದೇ ತುಣುಕನ್ನು ಮತ್ತೆ ಮತ್ತೆ ಹಾಕಿಸಿ, ಆಮೆಗೆ ತಾನು ಚೆನ್ನಾಗಿ ಕಂಡಿದ್ದೇನೆ ಎಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದರು.

ಸುನಂದಕ್ಕ ಆಮೆಯನ್ನು ನೋಡುತ್ತಿರಲಿಲ್ಲ. ಗಂಡನ ಕಣ್ಣುಗಳನ್ನೇ ನೋಡುತ್ತಿದ್ದರು.

“ಆ ಮಾಸ್ಕಿನ ಗಾಜಿಗೆ ಪವರ್ ಹಾಕ್ಲಿಕ್ಕೆ ಆಗುದಿಲ್ವಾ?” ಎಂದು ಕೇಳಿದರು.

ಒಬ್ಬ ಕನ್ನಡಕದವನು, ಒಬ್ಬ ಫೋಟೋದವನು, ಇಬ್ಬರೂ ಜೀವಮಾನವಿಡೀ ಗಾಜನ್ನೇ ನಂಬಿ ಉಂಡವರು. ಒಬ್ಬರ ಮುಖ ಒಬ್ಬರು ನೋಡಲಾರದೆ ಆಮೆಯನ್ನೇ ನೋಡುತ್ತ ಕುಳಿತೆವು.

ಮಾಸ್ಕ್ ಸಿದ್ಧವಾಗಲು ಹೆಚ್ಚು ದಿನ ಬೇಕಾಗಲಿಲ್ಲ. ತಮ್ಮ ಪವರಿನ ಎರಡು ಗಾಜು ಉಜ್ಜಿ, ಮಾಸ್ಕಿನ ಒಳಬದಿಗೆ ಅಂಟಿಸಿ, ಅದನ್ನು ಮುಖಕ್ಕೆ ಹಾಕಿಕೊಂಡೇ ಅಂಗಡಿಯ ಬಾಗಿಲಲ್ಲಿ ನಿಂತು ಬಸ್ಸಿನ ಬೋರ್ಡು ಓದಿದರು. ಡ್ರೈವರು ಹೆದರಿ ಬ್ರೇಕು ಹಾಕಿದ. ಅವರು ಅವನ ಎದುರಿನ ಹೂವಿನ ಬಣ್ಣ ಹೇಳಿದರು.

ಜಿನರಾಜಣ್ಣ ಈಗ ಇಲ್ಲ. ಅಂಗಡಿಯಲ್ಲಿ ಕುಳಿತಲ್ಲೇ ಎದೆ ಹಿಡಿದುಕೊಂಡರು, ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಆ ಜಾಗದಲ್ಲಿ ಜ್ಯೂಸಿನ ಅಂಗಡಿ ಬಂದಿದೆ, ನಮ್ಮ ನಡುವಿನ ಗೋಡೆ ಮಾತ್ರ ಹಾಗೇ ಉಂಟು. ಮಧ್ಯಾಹ್ನ ಚಹಾ ಬಂದಾಗ ಈಗಲೂ ಎರಡು ಲೋಟ ತೆಗೆದುಕೊಂಡುಬಿಡುತ್ತೇನೆ. ತುಂಬಾ ನೆನಪಾಗುತ್ತಾರೆ. ಆಮೇಲೆ ಆ ಮೂರನೆಯ ಪ್ರವಾಸ ನೆನಪಾಗುತ್ತದೆ, ಒಬ್ಬನೇ ನಗುತ್ತೇನೆ.

ಆ ಸಲ ಕ್ಯಾಮರಾವನ್ನು ನನ್ನ ಕೈಗೆ ಕೊಟ್ಟು, ತನಗಿದು ಬೇಡ, ನೋಡುವ ಕೆಲಸ ಬಹಳ ಇದೆ ಎಂದು ನೀರಿಗೆ ಬಿದ್ದಿದ್ದರು. ನಾನು ಎಂದಿನಂತೆ ದೋಣಿಯ ಅಂಚು ಹಿಡಿದು ಕಾದೆ. ಬಹಳ ಹೊತ್ತಿನ ಮೇಲೆ ಅವರ ತಲೆ ಮೇಲೆ ಬಂತು. ಬಾಯಿಯ ಕೊಳವೆ ತೆಗೆದರೂ ಮಾಸ್ಕ್ ತೆಗೆಯಲಿಲ್ಲ. ತೇಲುತ್ತಲೇ ನಮ್ಮ ದೋಣಿಯ ಬದಿಯ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು. ಹಳದಿ ಪಟ್ಟೆಯ ಮೀನುಗಳಿದ್ದವು, ಬಂಡೆಯ ಸಂದಿನಲ್ಲಿ ಇನ್ನೊಂದು ಮೀನು ಮೂತಿ ಸಿಂಡರಿಸಿಕೊಂಡು ಕುಳಿತಿತ್ತು, ತರಬೇತುದಾರನ ಕತ್ತಿನಲ್ಲಿ ಒಂದು ಮಚ್ಚೆ ಉಂಟು ಎಂದು ಒಂದೇ ಉಸಿರಿಗೆ ವರದಿ ಒಪ್ಪಿಸಿದರು.

ಎಲ್ಲ ಸರಿ, ಆಮೆ ಎಲ್ಲಿ ಎಂದು ಕೇಳಿದೆ.

“ಬರ್ಲಿಲ್ಲ ಮಾರಾಯ” ಎಂದರು, ಮುಖವಿಡೀ ನಗುತ್ತಾ. “ಆದ್ರೆ ಬಂದಿದ್ರೆ ಕಾಣ್ತಿತ್ತು.”